ಮೂಗಿನ ಮೇಷ್ಟ್ರ ಊಲಾಂಗ್

ಬಿಸಿನೀರಿಗೆ ನಾಲ್ಕು ಎಲೆ ಹಾಕಿ, ಅದನ್ನು ಕುಡಿಯುವ ಮೊದಲು ಅರ್ಧ ಗಂಟೆ ಅದರ ಗುಣಗಾನ ಮಾಡುವ ಜನರನ್ನು ಬೇರೆಯವರ ಮನೆಯಲ್ಲಿ ಕಂಡಿದ್ದರೆ ಪರದೆಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ಜನ ತಿಂಗಳಿಗೊಮ್ಮೆ ಅವಳ ಮನೆಯ ಹಜಾರಕ್ಕೇ ಬಂದು ಕೂರುತ್ತಿದ್ದರು. ಅವರಿಗೆಲ್ಲ ಗುರು ಎನಿಸಿಕೊಂಡವರು ಅವಳ ಗಂಡ. ಹಾಗಾಗಿ ನಗು ಬರುತ್ತಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಗಂಡನದು ಕನ್ನಡಕದ ಅಂಗಡಿ. ಬೀದಿಯ ಮೂಲೆಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಗೂ ನಡುವೆ ಒತ್ತಿಕೊಂಡು ಕೂತ ಪುಟ್ಟ ಜಾಗ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಬೋರ್ಡು, ಎದುರಿಗೆ ಒಂದು ಎತ್ತರದ ಸ್ಟೂಲು, ಹಿಂದುಗಡೆ ಗಾಜಿನ ಅಂಚು ಉಜ್ಜುವ ಚಕ್ರ. ಬಂದವರ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಇಟ್ಟು "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇಲ್ಲಾ ಇದರಲ್ಲಾ?" ಎಂದು ಕೇಳುವುದರಲ್ಲೇ ಗಂಡನ ಆಯಸ್ಸು ಕಳೆದಿತ್ತು. ಹೀಗೆ ಬೇರೆಯವರ ಉತ್ತರ ಕೇಳಿ ಕೇಳಿ ಬೇಸತ್ತವರಿಗೆ, ತಾವೇ ಉತ್ತರ ಹೇಳಿ ನಾಲ್ಕು ಜನ ತಲೆದೂಗುವಂಥದ್ದು ಏನಾದರೂ ಬೇಕಾಗಿತ್ತೋ ಏನೋ. ಪರದೆಯಕ್ಕನ ಪ್ರಕಾರ ಈ ಚಹಾದ ಹುಚ್ಚಿನ ಬೇರು ಇದೇ.

ಪರದೆಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು ಕಚೇರಿಗಳಿಗೆ, ದವಾಖಾನೆಗಳಿಗೆ, ಹೊಸ ಮನೆಗಳಿಗೆ ಕಿಟಕಿ ಪರದೆ ಹೊಲಿದು ಕೊಡುತ್ತಿದ್ದಳು. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಪಿನ್ನು ಚುಚ್ಚಿದರೂ ತಡೆದುಕೊಳ್ಳಬಹುದು, ಅತ್ತೆಯ ಮಾತು ತಡೆಯಲಾಗದು ಎಂದು ಅಳಿಯ ಹೇಳುತ್ತಿದ್ದ, ಅವಳಿಗೆ ಕೇಳಿಸದ ಹಾಗೆ.

ಮೊದಲೆಲ್ಲ ಗಂಡನೂ ಎಲ್ಲರ ಹಾಗೆ ಹಾಲು, ಸಕ್ಕರೆ ಸುರಿದು ಕುದಿಸಿದ ಕಡು ಚಹಾವನ್ನೇ ಸೊರ್ರನೆ ಕುಡಿದು ಲೋಟ ಕೆಳಗಿಡುತ್ತಿದ್ದರು. ಒಂದು ದಿನ ಫ್ರೇಮಿನ ಕಂಪನಿಯವನೊಬ್ಬ ಉಡುಗೊರೆಯೆಂದು ಬೆಳ್ಳಿ ಬಣ್ಣದ ಚಿಕ್ಕ ಪೊಟ್ಟಣ ಕೊಟ್ಟು ಹೋದ. ಹಾಲಿನ ಪರಿಮಳ ಕೂಡಿಸಿದ ಊಲಾಂಗ್. ಹಸಿರು ಚಹಾ ಅಲ್ಲ, ಕಪ್ಪು ಚಹಾವೂ ಅಲ್ಲ. ಎಲೆಯನ್ನು ಅರ್ಧ ಮಾತ್ರ ಮಾಗಿಸಿ, ಮೆಣಸಿನ ಕಾಳಿನಷ್ಟು ಉಂಡೆ ಸುತ್ತಿ ಒಣಗಿಸಿದ್ದು. ಬಿಸಿನೀರು ಬಿದ್ದರೆ ಆ ಉಂಡೆ ಬಿಚ್ಚಿಕೊಂಡು ಮತ್ತೆ ಇಡೀ ಎಲೆಯಾಗುತ್ತದೆ. ಅದನ್ನು ಕುಡಿದ ದಿನ ಅವರು ಅಂಗಡಿಯ ಬಾಗಿಲೆಳೆದು ಮನೆಗೆ ಓಡಿ ಬಂದರು.

"ಲೇ, ಇಲ್ಲಿ ಬಾ! ಇದರಲ್ಲಿ ಒಂದು ತೊಟ್ಟು ಹಾಲಿಲ್ಲ ಕಣೇ, ಆದ್ರೂ ಕೆನೆ ಕಾಸಿದ ವಾಸನೆ! ಮೂಸಿ ನೋಡು!"

"ಹಾಲಿನ ವಾಸನೆ ಬೇಕಂದ್ರೆ ಹಾಲೇ ಕಾಯಿಸಿ ಕೊಡ್ತೀನಿ. ನೀರಿಗ್ಯಾಕ್ರೀ ಹಾಲಿನ ವೇಷ?" ಎಂದು ಅವಳು ಬಟ್ಟೆಯಿಂದ ತಲೆಯೆತ್ತದೆ ಹೇಳಿದಳು. ಅವತ್ತು ಮೂಸಲಿಲ್ಲ. ಆಮೇಲೆ ಒಂದು ದಿನವೂ ಮೂಸಲಿಲ್ಲ. ಅವಳ ಹಟ ಅಂಥದ್ದು.

ಅಲ್ಲಿಂದ ಶುರುವಾಯಿತು ನೋಡಿ. ಪೀಚ್ ಹಣ್ಣಿನ ಊಲಾಂಗ್, ಗುಲಾಬಿಯ ಊಲಾಂಗ್, ಕಿತ್ತಳೆ ಸಿಪ್ಪೆಯದು, ಶುಂಠಿಯದು, ಸುಟ್ಟ ಸಕ್ಕರೆಯದು. ಹೊಲಿಗೆ ದಾರ ಇಡುತ್ತಿದ್ದ ಗಾಜಿನ ಬೀರು ಖಾಲಿಯಾಗಿ ಅದರ ತುಂಬ ಡಬ್ಬಿಗಳು ಬಂದು ಕೂತವು, ದಾರದ ಉಂಡೆಗಳು ಮಂಚದ ಕೆಳಗೆ ಹೋದವು. ಭಾನುವಾರ ಬೆಳಿಗ್ಗೆ ಒಗ್ಗರಣೆ ಹಾಕುವ ಹಾಗಿಲ್ಲ, ಫಿನಾಯಿಲ್ ಹಾಕಿ ನೆಲ ಒರೆಸುವ ಹಾಗಿಲ್ಲ, ತಲೆಗೆ ಎಣ್ಣೆ ಇಡುವ ಹಾಗಿಲ್ಲ. ಕೊನೆಗೊಂದು ದಿನ "ಆ ಮಿಷಿನ್ ಎಣ್ಣೆ ಡಬ್ಬಿ ಸ್ವಲ್ಪ ಹೊರಗಿಡೇ, ಅದರ ವಾಸನೆ ಗುಲಾಬಿ ಮೇಲೆ ಕೂರ್ತಿದೆ" ಅಂದರು. ಆ ಮಿಷಿನ್ನು ದುಡಿದದ್ದರಿಂದಲೇ ಮಗಳ ಓದು, ಮದುವೆ ಎರಡೂ ಮುಗಿದಿದ್ದವು. ಅದರ ಎಣ್ಣೆ ಈಗ ಗುಲಾಬಿಯ ಮೇಲೆ ಕೂರುತ್ತದಂತೆ! ಅವಳು ಡಬ್ಬಿಯನ್ನು ಹೊರಗಿಡಲಿಲ್ಲ. ಗುಲಾಬಿಯನ್ನೇ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಎಂದಳು.

ಇಂಥ ಹುಚ್ಚಿಗೆ ಜೊತೆ ಸಿಗುವುದು ಕಷ್ಟವೆಂದು ಅವಳು ಎಣಿಸಿದ್ದಳು. ಸಿಕ್ಕಿತು. ಕನ್ನಡಕಕ್ಕೆಂದು ಬಂದು ಸ್ಟೂಲಿನ ಮೇಲೆ ಕೂತವರಲ್ಲಿ ಮೂವರು ಬಲೆಗೆ ಬಿದ್ದರು. ಒಬ್ಬರು ಹಲ್ಲಿನ ಡಾಕ್ಟರು. ದಿನವಿಡೀ ಊರಿನವರ ಬಾಯೊಳಗೆ ಇಣುಕುವ ಆ ಮನುಷ್ಯ ಪರಿಮಳದ ಬಗ್ಗೆ ಮಾತಾಡುವುದನ್ನು ಕೇಳಿದರೆ ಪರದೆಯಕ್ಕನಿಗೆ ಮೂಗು ಮುಚ್ಚಿಕೊಳ್ಳುವಂತಾಗುತ್ತಿತ್ತು. ಇನ್ನೊಬ್ಬರು ನಿವೃತ್ತ ಹೆಡ್‌ಮಿಸ್ಸು; ಚಹಾಕ್ಕೂ ಮಾರ್ಕು ಕೊಡುವ ಹೆಂಗಸು. ಮೂರನೆಯವನು ವಿಮೆ ಏಜೆಂಟು. ದೊಡ್ಡವರು ಏನಂದರೂ "ಹೌದು ಸರ್, ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ" ಎನ್ನುವುದು ಅವನ ಕಸುಬು. ಈ ಮೂವರೂ ಸೇರಿ ಅವಳ ಗಂಡನಿಗೆ ಮೂಗಿನ ಮೇಷ್ಟ್ರು ಎಂದು ಹೆಸರಿಟ್ಟರು. ಗಂಡ ಆ ಹೆಸರನ್ನು ಬಿರುದಿನ ಹಾಗೆ ಹೊತ್ತು ಮೆರೆದರು.

ಅವರ ಕೂಟದ ರಿವಾಜುಗಳನ್ನು ಕೇಳಬೇಕು. ಮೊದಲು ಒಣ ಎಲೆಯನ್ನು ತಟ್ಟೆಯಲ್ಲಿ ಹಾಕಿ ಒಬ್ಬರಿಂದೊಬ್ಬರಿಗೆ ದಾಟಿಸುವುದು. ಹೆಣ್ಣು ನೋಡಲು ಬಂದವರ ಹಾಗೆ ಎಲ್ಲರೂ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುವುದು. ಕುಡಿಯುವ ಬಟ್ಟಲುಗಳು ಒಳಗೂ ಹೊರಗೂ ಕಡುಗಪ್ಪು, ಯಾಕೆಂದರೆ ಬಣ್ಣ ಕಂಡರೆ ಕಣ್ಣು ಮೂಗಿಗೆ ಚಾಡಿ ಹೇಳುತ್ತದಂತೆ. ಮೇಷ್ಟ್ರು ಸುರಿಯುವಾಗ ಉಳಿದವರೆಲ್ಲ ಕಣ್ಣು ಮುಚ್ಚಿರಬೇಕು. ಪಾತ್ರೆಯ ಮುಚ್ಚಳದ ತೂತಿನಿಂದಲೇ ಮೂರು ಸಲ ನೀರು ಹುಯ್ದು ಕುಡಿಯಬೇಕು, ಅಲ್ಲಿಯ ತನಕ ಮುಚ್ಚಳ ತೆಗೆದು ಎಲೆಯನ್ನು ನೋಡಬಾರದು. ಪ್ರತಿಯೊಬ್ಬರೂ ತಮಗೇನು ಕಂಡಿತೋ ಹೇಳಬೇಕು, ಕೊನೆಯ ಮಾತು ಮೇಷ್ಟ್ರದ್ದು. ಮೇಷ್ಟ್ರು ಹೇಳಿದ್ದಕ್ಕೆ ಎದುರಿಲ್ಲ.

ಎಲ್ಲಕ್ಕೂ ಕಳಶವಿಟ್ಟ ಹಾಗೆ ಒಂದು ಮಣ್ಣಿನ ಪಾತ್ರೆಯಿತ್ತು. ಮುಷ್ಟಿಯಷ್ಟು ಗಾತ್ರ, ಮೆರುಗಿಲ್ಲದ ಕೆಂಪು ಮಣ್ಣು, ಗುಬ್ಬಿಯ ಕೊಕ್ಕಿನಂಥ ಮೂತಿ. ಅದರಲ್ಲಿ ಒಂದೇ ಒಂದು ಚಹಾ, ಅಕ್ಕಿಕಾಳಿನಷ್ಟಿರುವ ಓಸ್ಮಾಂಥಸ್ ಎಂಬ ಹಳದಿ ಹೂವಿನ ಜೊತೆ ಪದರ ಪದರವಾಗಿ ಇಟ್ಟು ಪರಿಮಳ ಹಿಡಿಸಿದ ಊಲಾಂಗ್. ಬೇರೆ ಯಾವುದನ್ನೂ ಅದಕ್ಕೆ ತೋರಿಸುವ ಹಾಗಿಲ್ಲ, ಸೋಪಂತೂ ತಾಗಿಸುವ ಹಾಗೇ ಇಲ್ಲ. ಆ ಮಣ್ಣಿನ ಮೈ ಚಹಾ ಕುಡಿಯುತ್ತದೆ, ವರ್ಷ ಕಳೆದಂತೆ ಪಕ್ವವಾಗುತ್ತದೆ ಎಂದು ಮೇಷ್ಟ್ರು ವಿವರಿಸಿದಾಗ ಪರದೆಯಕ್ಕ, "ತೊಳೀದೆ ಇಟ್ಟಿದ್ದಕ್ಕೆ ನಮ್ಮಮ್ಮ ಬೇರೆ ಹೆಸರು ಹೇಳ್ತಿದ್ಲು" ಅಂದಳು.

ಇಷ್ಟೆಲ್ಲ ಇದ್ದರೂ ಸಂಸಾರ ನಡೆದಿತ್ತು. ಅವರು ಮೂಸುತ್ತಿದ್ದರು, ಇವಳು ಬೈಯುತ್ತಿದ್ದಳು, ಹೊತ್ತು ಹೋಗುತ್ತಿತ್ತು. ಕೆಟ್ಟದ್ದು ಚಳಿಗಾಲದ ಒಂದು ನೆಗಡಿಯಿಂದ. ಮೇಷ್ಟ್ರು ಜ್ವರ ಬಂದು ಒಂದು ವಾರ ಕಂಬಳಿ ಹೊದ್ದು ಮಲಗಿದರು. ಎದ್ದ ಮೇಲೆ ಮೊದಲಿನ ಹಾಗೆಯೇ ಅಂಗಡಿಗೆ ಹೋದರು, ಡಬ್ಬಿಗಳ ಧೂಳು ಒರೆಸಿದರು, ಕೂಟ ನಡೆಸಿದರು. ಆದರೆ ಪರದೆಯಕ್ಕನಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು.

ಒಂದು ದಿನ ಇಸ್ತ್ರಿ ಪೆಟ್ಟಿಗೆಯನ್ನು ಪರದೆಯ ಮೇಲೇ ಬಿಟ್ಟು ಅವಳು ಫೋನಿಗೆ ಓಡಿದ್ದಳು. ಬಂದು ನೋಡಿದರೆ ಬಟ್ಟೆ ಕಪ್ಪಗಾಗಿ ಹೊಗೆಯಾಡುತ್ತಿತ್ತು. ಎರಡು ಮಾರು ದೂರದಲ್ಲಿ, ಅದಕ್ಕೆ ಬೆನ್ನು ಹಾಕಿ ಕೂತ ಮೇಷ್ಟ್ರು ಪೇಪರು ಓದುತ್ತಿದ್ದರು. ಇನ್ನೊಂದು ದಿನ ಕೆಟ್ಟ ಹಾಲಿನ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು "ಸರಿಯಾಗೇ ಇದೆಯಲ್ಲೇ" ಅಂದರು. ಗುಲಾಬಿಯ ಮೇಲೆ ಎಣ್ಣೆ ಕೂತದ್ದನ್ನು ಕಂಡುಹಿಡಿದ ಮೂಗು ಇದು! ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದಳು.

ಕೂಟದ ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿದಾಗ ಗುಟ್ಟು ಬಯಲಾಯಿತು. ಹೆಡ್‌ಮಿಸ್ಸು ಜೇನು ಎಂದರು, ಡಾಕ್ಟರು ಹಣ್ಣಿನ ಸಿಪ್ಪೆ ಎಂದರು, ಏಜೆಂಟು ಎರಡೂ ಇದೆ ಎಂದ. ಮೇಷ್ಟ್ರು ಬಟ್ಟಲನ್ನು ಮೂಗಿನ ಕೆಳಗೆ ಆಡಿಸಿ, ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು, "ಸಿಪ್ಪೆಯ ಮೇಲೆ ಸವರಿದ ಜೇನು" ಎಂದರು. ಮೂವರೂ ಆಹಾ ಎಂದರು. ಆಹಾ ಏನು ಬಂತು, ಅವರವರ ಮಾತನ್ನೇ ಅವರವರ ಕೈಗೆ ಪೊಟ್ಟಣ ಕಟ್ಟಿ ವಾಪಸು ಕೊಟ್ಟಿದ್ದರು ಅಷ್ಟೆ. ಕೊನೆಯಲ್ಲಿ ಮಾತಾಡುವ ರಿವಾಜು ಮೇಷ್ಟ್ರ ಮಾನ ಕಾಯುತ್ತಿತ್ತು.

ಇಷ್ಟೇ ಆಗಿದ್ದರೆ ಅವಳು ನಕ್ಕು ಬಿಟ್ಟುಬಿಡುತ್ತಿದ್ದಳೇನೋ. ಆದರೆ ಎರಡು ಬೀದಿಯಾಚೆ ಇದ್ದ ಮಗಳು ಕೆಲಸಕ್ಕೆ ಹೋಗುವಾಗ ತನ್ನ ಪುಟ್ಟ ಕೂಸನ್ನು ಇವರ ಹತ್ತಿರವೇ ಬಿಟ್ಟು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಪರದೆಯಕ್ಕ ದವಾಖಾನೆಯೊಂದಕ್ಕೆ ಪರದೆ ತೂಗುಹಾಕಲು ಹೋಗಿದ್ದಳು. ಮಗು ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿತ್ತು. ಅವಳು ಹಿಂದಿರುಗಿ ಗೇಟಿನ ಹತ್ತಿರ ಬರುವಾಗಲೇ ಗ್ಯಾಸಿನ ವಾಸನೆ ಮುಖಕ್ಕೆ ರಾಚಿತು. ಓಡಿ ಹೋಗಿ ನೋಡಿದರೆ ಕೆಟಲ್ಲಿನ ನೀರು ಉಕ್ಕಿ ಒಲೆ ಆರಿಹೋಗಿತ್ತು, ಗ್ಯಾಸು ಮಾತ್ರ ಬುಸುಗುಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಮೇಷ್ಟ್ರು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು.

ಅವಳು ಗ್ಯಾಸು ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಬಿಟ್ಟು, ಬಂದು ಕಿಟಕಿಗಳನ್ನೆಲ್ಲ ಧಡಧಡ ತೆಗೆದಳು.

"ಕಿಟಕಿ ಯಾಕೆ ತೆಗೀತೀಯೇ? ಗಾಳಿಗೆ ಪರಿಮಳ ಹೋಗುತ್ತೆ," ಅಂದರು ಮೇಷ್ಟ್ರು.

ಅಮ್ಮನಿಗೆ ಅಳುವ ಅಭ್ಯಾಸವಿಲ್ಲ ಎಂದು ಮಗಳು ಯಾವಾಗಲೂ ಹೇಳುತ್ತಿದ್ದಳು. ಅವತ್ತು ಪರದೆಯಕ್ಕ ಅತ್ತಳು, ಮತ್ತೆ ಕಣ್ಣೊರೆಸಿಕೊಂಡು ಬೈದಳು.

"ರೀ, ನಿಮಗೆ ವಾಸನೆ ಬರ್ತಿಲ್ಲ. ಒಪ್ಕೊಳ್ಳಿ. ನಾಳೆನೇ ಮೂಗಿನ ಡಾಕ್ಟರ ಹತ್ರ ಹೋಗೋಣ."

"ಏನೋ ಯೋಚನೆಯಲ್ಲಿದ್ದೆ. ಅಷ್ಟಕ್ಕೆ ಇಷ್ಟೊಂದು ರಂಪ ಮಾಡ್ತೀಯಲ್ಲ."

"ಯೋಚನೆಯಲ್ಲಿದ್ರೆ ಮೂಗು ಮುಚ್ಚಿಕೊಳ್ಳುತ್ತಾ? ಕೂಸು ಒಳಗಿತ್ತು ಕಣ್ರೀ!"

"ನನ್ನ ಮೂಗಿನ ವಿಷಯ ನಿನಗೆ ಬೇಡ. ಊರಿಗೆ ಗೊತ್ತು ನನ್ನ ಮೂಗೇನು ಅಂತ." ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟೇಹೋದರು.

ಮಗಳಿಗೆ ವಿಷಯ ಮುಚ್ಚಿಡಲಾಗಲಿಲ್ಲ. ಅವಳೂ ತಾಯಿಯ ಮಗಳೇ. "ಅಪ್ಪ ಡಾಕ್ಟರಿಗೆ ತೋರಿಸಿಕೊಳ್ಳೋ ತನಕ ಪಾಪುನ ಅಲ್ಲಿಗೆ ಕಳಿಸಲ್ಲಮ್ಮ. ಬೇಜಾರು ಮಾಡ್ಕೋಬೇಡ," ಅಂದುಬಿಟ್ಟಳು. ಮನೆ ಭಣಗುಟ್ಟಿತು. ಮಿಷಿನ್ನಿನ ಪಕ್ಕ ಚಿಂದಿ ಬಟ್ಟೆಯ ಗುಡ್ಡೆಯಲ್ಲಿ ಹೊರಳಾಡುತ್ತಿದ್ದ ಕೂಸಿಲ್ಲದೆ ಪರದೆಯಕ್ಕನಿಗೆ ಹೊಲಿಗೆ ನೆಟ್ಟಗೆ ಬರಲಿಲ್ಲ. ಮೇಷ್ಟ್ರೂ ಅಂಗಡಿಯಿಂದ ಬಂದವರು ಒಳಕೋಣೆಗೊಮ್ಮೆ ಇಣುಕಿ ಸುಮ್ಮನೆ ಕೂರುತ್ತಿದ್ದರು. ಆದರೂ ಮೂಗಿನ ಡಾಕ್ಟರ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಬೀದಿಯಲ್ಲಿ ಎಷ್ಟೋ ಜನ ಕನ್ನಡಕ ಮಾರುತ್ತಾರೆ, ಮೂಗಿನ ಮೇಷ್ಟ್ರು ತಾವೊಬ್ಬರೇ ಎಂಬ ಹಮ್ಮು ಅವರನ್ನು ಬಿಡಲಿಲ್ಲ.

ಒಬ್ಬಳ ಮುಂದೆ ಒಪ್ಪದವರು ನಾಲ್ಕು ಜನರ ಮುಂದೆ ಸಿಕ್ಕಿಬಿದ್ದರೆ ಒಪ್ಪಲೇಬೇಕಲ್ಲ ಎಂದು ಪರದೆಯಕ್ಕ ಲೆಕ್ಕ ಹಾಕಿದಳು. ಮುಂದಿನ ಭಾನುವಾರ ಕೂಟವಿತ್ತು. ಅವತ್ತು ಮಣ್ಣಿನ ಪಾತ್ರೆಯ ಚಹಾ. ತಟ್ಟೆಯ ಎಲೆ ಸುತ್ತು ಮುಗಿಸಿ ಬಂದ ಮೇಲೆ ಅದನ್ನು ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ, ಹಜಾರಕ್ಕೆ ತಂದಿಡುವುದು ಅವಳ ಕೆಲಸ; ಅಷ್ಟರಲ್ಲಿ ಮೇಷ್ಟ್ರು ನೀರಿನ ಬಿಸಿ ನೋಡುತ್ತಿರುತ್ತಾರೆ. ಎಲೆಯನ್ನೇ ಹಾಕದಿದ್ದರೆ? ಮೂವರೂ ಬಟ್ಟಲು ಮೂಸಿ "ಇದೇನ್ರೀ, ಬರೀ ನೀರು!" ಅನ್ನುತ್ತಾರೆ. ಪೊಟ್ಟಣ ಕಟ್ಟಲು ಮೇಷ್ಟ್ರಿಗೆ ಯಾರ ಮಾತೂ ಸಿಗುವುದಿಲ್ಲ. ಸುರಿದವರಿಗೇ ಗೊತ್ತಾಗಲಿಲ್ಲವೇ ಎಂದು ಎಲ್ಲರೂ ಅವರ ಮುಖ ನೋಡುತ್ತಾರೆ. ಮಾನ ಹೋಗುತ್ತದೆ, ಹೋಗಲಿ. ಕೂಸಿಗಿಂತ ಮಾನ ದೊಡ್ಡದಲ್ಲ.

ಭಾನುವಾರ ಮೂವರೂ ಸಮಯಕ್ಕೆ ಸರಿಯಾಗಿ ಬಂದರು. ತಟ್ಟೆ ಕೈಯಿಂದ ಕೈಗೆ ದಾಟಿತು. ಹೆಡ್‌ಮಿಸ್ಸು ಕನ್ನಡಕ ತೆಗೆದು ಎಲೆಯನ್ನು ದಿಟ್ಟಿಸಿದರು, ಡಾಕ್ಟರು ಒಂದು ಉಂಡೆಯನ್ನು ಬೆರಳಲ್ಲಿ ಉರುಳಿಸಿ ನೋಡಿದರು, ಏಜೆಂಟು ಅವರಿಬ್ಬರ ಮುಖ ನೋಡಿದ. ಪರದೆಯಕ್ಕ ತಟ್ಟೆಯನ್ನು ಅಡುಗೆಮನೆಗೆ ಒಯ್ದು, ಎಲೆಯನ್ನೆಲ್ಲ ಸೆರಗಿನ ತುದಿಗೆ ಸುರಿದು ಗಂಟು ಹಾಕಿ, ಖಾಲಿ ಪಾತ್ರೆಗೆ ಮುಚ್ಚಳ ಮುಚ್ಚಿ ತಂದು ಮೇಜಿನ ಮೇಲಿಟ್ಟಳು. ಆಮೇಲೆ ಬಾಗಿಲ ಮರೆಗೆ ಹೋಗಿ ನಿಂತಳು.

ಮೂವರೂ ಕಣ್ಣು ಮುಚ್ಚಿದರು. ಮೇಷ್ಟ್ರು ಮುಚ್ಚಳದ ತೂತಿನಿಂದ ಬಿಸಿನೀರು ಹುಯ್ದು, ಕಾದು, ಕಿಟಕಿಯ ಬೆಳಕಿಗೆ ಪಾತ್ರೆಯನ್ನು ಎತ್ತಿ ಹಿಡಿದು ಬಟ್ಟಲುಗಳಿಗೆ ಬಗ್ಗಿಸಿದರು. ಅವರ ಕೈ ಒಂದು ಗಳಿಗೆ ನಿಂತ ಹಾಗಾಯಿತು. ಮತ್ತೆ ಬಗ್ಗಿಸಿದರು.

ಹೆಡ್‌ಮಿಸ್ಸು ಮೂಸಿದರು.

"ಇವತ್ತು ಬಹಳ ಮೆತ್ತಗಿದೆ," ಅಂದರು ಹೆಡ್‌ಮಿಸ್ಸು. "ಎಲ್ಲೋ ದೂರದಿಂದ ಬರ್ತಾ ಇದೆ. ಆದ್ರೆ ಇದೆ."

"ನಾಲಿಗೆ ಮೇಲೆ ಕೂರೋದೇ ಇಲ್ಲ, ಜಾರಿ ಹೋಗುತ್ತೆ," ಅಂದರು ಡಾಕ್ಟರು. "ಉತ್ತಮ ಎಲೆಯ ಲಕ್ಷಣ."

"ಹೌದು ಸರ್, ಜಾರುತ್ತೆ. ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ," ಅಂದ ಏಜೆಂಟು.

ಜಾರದೆ ಇನ್ನೇನು ಮಾಡುತ್ತದೆ, ಬರೀ ನೀರು! ಅಲ್ಲ, ಇವರಿಗೆ ನಾಚಿಕೆಯಾದರೂ ಬೇಡವೇ? ತಲೆ ನರೆತವರು, ನಾಲ್ಕಕ್ಷರ ಕಲಿತವರು, ಕಾದ ನೀರನ್ನು ಕುಡಿದು ಉತ್ತಮ ಎಲೆ ಎನ್ನುತ್ತಾರಲ್ಲ! ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ನೋಡಿದರು, ಹೆಡ್‌ಮಿಸ್ಸಿನ ಮುಖವನ್ನಂತೂ ಎರಡೆರಡು ಸಲ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಹೂವು ಹೋದ ಮೇಲೆ ಉಳಿದದ್ದು," ಎಂದರು. ಮೂವರೂ ಆಹಾ ಎಂದರು.

ಎರಡನೆಯ ಬಟ್ಟಲಿಗೆ ಹೊಗಳಿಕೆ ಅಟ್ಟಕ್ಕೇರಿತು. ಮೂರನೆಯದೂ ಮುಗಿದ ಮೇಲೆ, ಎಲೆ ನೋಡೋಣ ಎಂದು ಹೆಡ್‌ಮಿಸ್ಸು ಕೈ ಚಾಚಿದರು. "ಇವತ್ತು ಬೇಡ ಬಿಡಿ," ಎಂದು ಮೇಷ್ಟ್ರು ಅನ್ನುವಷ್ಟರಲ್ಲಿ ಮುಚ್ಚಳ ಹೆಡ್‌ಮಿಸ್ಸಿನ ಕೈಯಲ್ಲಿತ್ತು. ಪಾತ್ರೆಯೊಳಗೆ ಏನೂ ಇರಲಿಲ್ಲ.

ಏಜೆಂಟು ಡಾಕ್ಟರ ಮುಖ ನೋಡಿದ, ಡಾಕ್ಟರು ಚಾವಣಿ ನೋಡಿದರು. ಈಗ ಸಿಕ್ಕಿಬಿದ್ದಿರಿ ಎಂದು ಪರದೆಯಕ್ಕ ಬಾಗಿಲು ದಾಟಿ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಡಾಕ್ಟರು ತೊಡೆ ತಟ್ಟಿಕೊಂಡರು.

"ಮೇಷ್ಟ್ರೇ! ನಮಗೇ ಪರೀಕ್ಷೆ ಇಟ್ರಾ! ಎಲೆ ಇಲ್ದೆ ಬರೀ ಪಾತ್ರೆಯ ಮೈಯಿಂದ ಪರಿಮಳ ತೆಗೆಸಿದ್ರಲ್ಲ! ಅದಕ್ಕೇ ಹೂವು ಹೋದ ಮೇಲೆ ಉಳಿದದ್ದು ಅಂದ್ರಿ! ನಾವು ದಡ್ಡರು, ತಿಳೀಲಿಲ್ಲ."

"ನಾನು ದೂರದಿಂದ ಬರ್ತಿದೆ ಅಂದೆನಲ್ಲ," ಎಂದು ಹೆಡ್‌ಮಿಸ್ಸು ತಮ್ಮ ಪಾಲಿನ ಮಾರ್ಕು ತಾವೇ ಹಾಕಿಕೊಂಡರು. ಏಜೆಂಟು ಚಪ್ಪಾಳೆ ತಟ್ಟಿದ. ಇಂಥ ಮೂಗು ಈ ಊರಲ್ಲೇ ಇಲ್ಲ ಎಂದು ಮೂವರೂ ಮೇಷ್ಟ್ರ ಕೈ ಕುಲುಕಿದರು. ಪರದೆಯಕ್ಕ ಬಾಯಿ ತೆರೆದವಳು ತೆರೆದ ಹಾಗೆಯೇ ನಿಂತಳು. ಅವಳು ತೋಡಿದ ಹಳ್ಳದ ಮೇಲೆ ಈ ಜನ ಸಿಂಹಾಸನ ಹಾಕಿ ಅವಳ ಗಂಡನನ್ನು ಕೂರಿಸಿದ್ದರು. ಮೆಟ್ಟಿಲಿಳಿದು ಗೇಟು ದಾಟುವ ತನಕವೂ ಅವರ ಹೊಗಳಿಕೆ ಕೇಳಿಸುತ್ತಿತ್ತು.

ಅವಳು ಸೆರಗಿನ ಗಂಟು ಬಿಚ್ಚಿ ಎಲೆಯನ್ನು ಮೇಜಿನ ಮೇಲೆ ಸುರಿದಳು.

"ತೆಗೆದಿದ್ದು ನಾನು. ಪರೀಕ್ಷೆ ಅಂತೆ ಪರೀಕ್ಷೆ! ಥೂ, ಎಂಥ ಜನಾನ್ರೀ ಕಟ್ಕೊಂಡಿದ್ದೀರ! ನಿಮಗಂತೂ ಎಲೆ ಇಲ್ಲ ಅನ್ನೋದೇ ತಿಳೀಲಿಲ್ಲ."

"ತಿಳೀತು," ಅಂದರು ಮೇಷ್ಟ್ರು. ಅವರಿನ್ನೂ ಕೂತಲ್ಲೇ ಕೂತಿದ್ದರು. "ಬಗ್ಗಿಸುವಾಗಲೇ ಕಾಣಿಸ್ತು. ಕಿಟಕಿ ಬೆಳಕಲ್ಲಿ ಧಾರೆ ಗಾಜಿನ ಹಾಗಿತ್ತು. ಕಣ್ಣು ಇನ್ನೂ ನೆಟ್ಟಗಿದೆಯಲ್ಲ ನಂದು."

"ಮತ್ತೆ ಬಾಯಿ ಮುಚ್ಕೊಂಡು ಯಾಕಿದ್ರಿ?"

ಮೇಷ್ಟ್ರು ಒಣ ಎಲೆಗಳನ್ನು ಬೆರಳಿಂದ ಒಂದು ಕಡೆ ಗುಡ್ಡೆ ಮಾಡಿದರು.

"ಅವರೇನು ಹೇಳ್ತಾರೋ ನೋಡೋಣ ಅಂತ. ಜ್ವರ ಬಂದಾಗಿನಿಂದ ನನಗೆ ಏನೂ ಬರ್ತಿಲ್ಲ ಕಣೇ. ಹೂವೂ ಇಲ್ಲ, ಹಾಲೂ ಇಲ್ಲ, ಗ್ಯಾಸೂ ಇಲ್ಲ. ಇವರೂ ಸುಳ್ಳೇ ಹೇಳೋದು, ಯಾರಿಗೂ ಏನೂ ಬರಲ್ಲ ಅಂತಾದ್ರೆ ನಾನು ಕಳ್ಕೊಂಡಿದ್ದೇನೂ ಇಲ್ಲ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಡಾಕ್ಟರು, ಏಜೆಂಟು ಬಿಡು, ಅವರು ಹಾಗೇ. ಆದ್ರೆ ಹೆಡ್‌ಮಿಸ್ಸು ದೂರದಿಂದ ಬರ್ತಿದೆ ಅಂದಾಗ ಮುಖ ನೋಡಿದೆ. ಸುಳ್ಳು ಹೇಳೋರ ಮುಖ ಅಲ್ಲ ಅದು." ಅವರು ತಲೆಯೆತ್ತಿದರು. "ನೀನು ಹೇಳು. ಇತ್ತಾ?"

ಇತ್ತೋ ಇಲ್ಲವೋ ಅವಳಿಗೇನು ಗೊತ್ತು? ಇಷ್ಟು ವರ್ಷ ಈ ಮೇಜಿನ ಮೇಲಿಂದ ಬಟ್ಟಲು ಎತ್ತಿ ತೊಳೆದಿದ್ದಳೇ ಹೊರತು ಒಂದನ್ನಾದರೂ ಮೂಗಿನ ಹತ್ತಿರ ಹಿಡಿದವಳಲ್ಲ. ಮೇಷ್ಟ್ರು ಕೆಟಲ್ಲಿನಲ್ಲಿ ಉಳಿದಿದ್ದ ಬಿಸಿನೀರನ್ನು ಪಾತ್ರೆಗೆ ಹುಯ್ದು, ಒಂದು ಬಟ್ಟಲಿಗೆ ಬಗ್ಗಿಸಿ ಅವಳ ಮುಂದೆ ತಳ್ಳಿದರು. ಅವಳು ಬಗ್ಗಿದಳು.

ಮೊದಲು ಬರೀ ಹಬೆ. ಇವರೆಲ್ಲ ಕಳ್ಳರೇ ಎಂದು ಇನ್ನೇನು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹಬೆಯ ಹಿಂದಿನಿಂದ ಏನೋ ಒಂದು ತೆಳ್ಳಗೆ ಎದ್ದು ಬಂತು. ಇತ್ತು. ಆ ಹೆಡ್‌ಮಿಸ್ಸು ಹೇಳಿದ್ದು ನಿಜವಾಗಿತ್ತು. ಇಲ್ಲ ಎಂದುಬಿಟ್ಟರೆ ಗಂಡನ ಮನಸ್ಸಿಗೆ ನೆಮ್ಮದಿ, ಆದರೆ ಮೂಗಿನ ಡಾಕ್ಟರ ಮೆಟ್ಟಿಲು ಹತ್ತುವುದಿಲ್ಲ, ಕೂಸು ಮನೆಗೆ ಬರುವುದಿಲ್ಲ.

"ಇದೆ ಕಣ್ರೀ," ಅಂದಳು.

"ನನ್ನ ಡಾಕ್ಟರ ಹತ್ರ ಕಳಿಸೋಕೆ ಹೇಳ್ತಿದ್ದೀಯ."

"ಮಗಳಾಣೆ, ಇದೆ."

"ಹಾಗಾದ್ರೆ ಹೇಗಿದೆ, ಹೇಳು."

ಅವಳು ತಡವರಿಸಿದಳು. "ಒಂಥರಾ... ಹೂವು... ಹೂವಲ್ಲ. ಸಿಹಿ ಇದ್ದ ಹಾಗೆ..."

"ಸಿಹಿ ನಾಲಿಗೆಗೆ ಬರೋದು, ಮೂಗಿಗಲ್ಲ. ಸರಿಯಾಗಿ ಮೂಸಿ ಹೇಳು. ಇಷ್ಟು ದಿನ ನಮ್ಮ ಮಾತಿಗೆಲ್ಲ ಮೂಗು ಮುರೀತಿದ್ದೆಯಲ್ಲ, ಈಗ ನಿನ್ನ ಬಾಯಲ್ಲಿ ಒಂದು ಮಾತು ಬರಲ್ವಾ?"

ಗಂಡ ಅವಳನ್ನು ಹೀಗೆ ಹಂಗಿಸಿದ್ದು ಇದೇ ಮೊದಲು. ಪರದೆಯಕ್ಕ ತುಟಿ ಕಚ್ಚಿ ಮತ್ತೆ ಬಗ್ಗಿದಳು. ಬೆವರು ಬಂತು. ಇವರೆಲ್ಲ ಎಲ್ಲಿಂದ ತರುತ್ತಿದ್ದರಪ್ಪ ಆ ಮಾತುಗಳನ್ನು?

"ಹಣ್ಣಿನ ಬುಟ್ಟಿ ಇರುತ್ತಲ್ಲ," ಅಂದಳು ಕೊನೆಗೆ. "ಹಣ್ಣೆಲ್ಲ ಖಾಲಿಯಾದ ಮೇಲೆ ಬುಟ್ಟೀನ ಬಿಸಿಲಿಗೆ ಇಟ್ಟಿರ್ತೀವಿ. ಆವಾಗ ಬಿದಿರಿಂದ ಒಂದು ವಾಸನೆ ಬರುತ್ತಲ್ಲ. ಹಣ್ಣಿಂದೇ, ಆದ್ರೆ ಹಣ್ಣಿಲ್ಲ. ಸ್ವಲ್ಪ ಜೇನಿನ ಮೇಣ ಇದ್ದ ಹಾಗೆ. ಹಂಗಿದೆ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ಅದೇ," ಅಂದರು. "ಅದೇ ಕಣೇ ಅದು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ಅವಳು ಗೆದ್ದಿದ್ದಳು, ಆದರೆ ಗೆದ್ದವರ ಹಾಗೆ ಏನೂ ಅನ್ನಿಸಲಿಲ್ಲ. ಕಪ್ಪು ಬಟ್ಟಲು ಇಬ್ಬರ ನಡುವೆ ಆರುತ್ತಾ ಇತ್ತು.

ಬಹಳ ಹೊತ್ತಾದ ಮೇಲೆ ಅವರು ಮೂಗೊರೆಸಿಕೊಂಡು, "ನಾಳೆ ಹೋಗೋಣ ಡಾಕ್ಟರ ಹತ್ರ. ಮಗಳಿಗೂ ಹೇಳು," ಅಂದರು. ಆಮೇಲೆ ಬಟ್ಟಲನ್ನು ಮತ್ತೆ ಅವಳ ಕಡೆ ಸರಿಸಿದರು. "ಈಗ ಇನ್ನೊಂದ್ಸಲ ಮೂಸಿ ಹೇಳೇ. ಈಗ ಹೇಗಿದೆ?"

ಅವಳು ಬಟ್ಟಲೆತ್ತಿ ಮೂಸಿದಳು. ನೀರು ತಣ್ಣಗಾಗಿತ್ತು, ಏನೂ ಇರಲಿಲ್ಲ.

"ಇದೆ," ಅಂದಳು ಪರದೆಯಕ್ಕ. "ಈಗ ಜೇನು ಜಾಸ್ತಿಯಾಗಿದೆ."